ತಂತಿಯ ಮೇಲಿನ ವಿಮಾನಕ್ಕೆ ತೂಕ ಬರುವುದು ಹೇಗೆ?

ಮಾನ್ಯರೇ,

'ಸ್ಪೈ ಸ್ಮ್ಯಾಶರ್' (1942) ಧಾರಾವಾಹಿ ಚಿತ್ರದ ಹನ್ನೆರಡೂ ಕಂತು ನೋಡಿದ ಮೇಲೆ ನಿಮ್ಮ ಮಗಳು ಥರ್ಮೋಕೋಲಿನ ವಿಮಾನ ಮಾಡಿ, ದಾರಕ್ಕೆ ಕಟ್ಟಿ, ಮನೆಯೊಳಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರೀಕರಿಸಿದಳೆಂದೂ, ಎಷ್ಟು ಸಲ ತೆಗೆದರೂ ಅದು ಆಟಿಕೆಯಾಗಿಯೇ ಕಾಣುತ್ತದೆಂದೂ ಬರೆದಿದ್ದೀರಿ. ಆ ಚಿತ್ರದ ಪುಟ್ಟ ಮಾದರಿ ವಿಮಾನಗಳು ನಿಜವೆನಿಸುವಂತೆ ಮಾಡುವುದು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರಿಗೆ ಹೇಗೆ ಸಾಧ್ಯವಾಯಿತು, ಈ ಸಾಹಸಿಗಳೆಲ್ಲ ಮುಖ ಮರೆಸಿಕೊಂಡೇ ಓಡಾಡುವುದೇಕೆ ಎಂದೂ ಕೇಳಿದ್ದೀರಿ.

ಮಗಳ ಕೈಕೆಲಸ ಚೆನ್ನಾಗಿಯೇ ಇರಬೇಕು. ತೊಂದರೆ ಬಹುಪಾಲು ಕ್ಯಾಮೆರಾ ವೇಗದ್ದು. ಆ ಚಿತ್ರ ತಯಾರಿಸಿದ ಅಮೆರಿಕದ ರಿಪಬ್ಲಿಕ್ ಸಂಸ್ಥೆಯಲ್ಲಿ ಇಂಥ ದೃಶ್ಯಗಳನ್ನು ನೋಡಿಕೊಳ್ಳುತ್ತಿದ್ದವರು ಹೊವಾರ್ಡ್ ಮತ್ತು ಥಿಯೋಡರ್ ಲೈಡೆಕರ್ ಸಹೋದರರು. ಮಾದರಿಗಳನ್ನು ಆದಷ್ಟೂ ದೊಡ್ಡದಾಗಿ ಕಟ್ಟುವುದು, ಬಯಲಿನ ಬಿಸಿಲಿನಲ್ಲಿ ನಿಜವಾದ ಆಕಾಶದ ಎದುರಿಗೇ ಹಾರಿಸುವುದು, ಕ್ಯಾಮೆರಾವನ್ನು ಜೋರಾಗಿ ಓಡಿಸುವುದು ಅವರ ಪದ್ಧತಿ.

ಜೋರು ಎಂದರೆ ಎಷ್ಟು? ಗಾಳಿಯ ತಡೆಯನ್ನು ಬದಿಗಿಟ್ಟರೆ, 100 ಮೀಟರ್ ಎತ್ತರದಿಂದ ಬೀಳುವ ವಿಮಾನಕ್ಕೆ ನೆಲ ಮುಟ್ಟಲು ಸುಮಾರು 4.5 ಸೆಕೆಂಡು ಬೇಕು. ಮಾದರಿ 16ರಲ್ಲಿ ಒಂದು ಅಳತೆಯದಾದರೆ ಆ 100 ಮೀಟರ್ 6.25 ಮೀಟರ್ ಆಗುತ್ತದೆ. ಅಷ್ಟು ಬೀಳಲು 1.1 ಸೆಕೆಂಡು ಸಾಕು. ವಿಮಾನ ಚಿಕ್ಕದಾಯಿತೆಂದು ಗುರುತ್ವಾಕರ್ಷಣೆ ಕಡಿಮೆಯಾಗುವುದಿಲ್ಲ. ನೋಡುವವರ ಕಣ್ಣು ಈ ಅವಸರವನ್ನು ತಕ್ಷಣ ಹಿಡಿಯುತ್ತದೆ. ಅದಕ್ಕೇ ಅಳತೆ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ಕ್ಯಾಮೆರಾ ವೇಗ ಹೆಚ್ಚಿಸಬೇಕು: 16ಕ್ಕೆ 4 ಪಟ್ಟು, ಅಂದರೆ ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಬದಲು 96. ನಿಮ್ಮ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸಾಮಾನ್ಯವಾಗಿ 120 ಇರುತ್ತದೆ. ಅದನ್ನು 30ರಲ್ಲಿ ಓಡಿಸಿದರೆ ಲೆಕ್ಕ ಸರಿಯಾಗಿ 4 ಪಟ್ಟಿಗೆ ಬಂದು ನಿಲ್ಲುತ್ತದೆ. ಹಾಗಾಗಿ 9.6 ಮೀಟರ್ ರೆಕ್ಕೆಯ ವಿಮಾನವನ್ನು 60 ಸೆಂಟಿಮೀಟರಿಗೆ ಇಳಿಸಿ ಮಾಡಲು ಹೇಳಿ. ಇನ್ನೂ ಚಿಕ್ಕದು ಬೇಡ.

ಈ ವೇಗಕ್ಕೆ ಬಿಸಿಲೇ ಬೇಕು. ಒಂದೊಂದು ಚೌಕಟ್ಟಿಗೆ ಸಿಗುವ ಬೆಳಕು ಕಡಿಮೆ. ಜೊತೆಗೆ ಟ್ಯೂಬ್‌ಲೈಟಿನಡಿ 120ರಲ್ಲಿ ತೆಗೆದರೆ ಚಿತ್ರವಿಡೀ ಮಿಣುಕಬಹುದು.

ಇನ್ನು ದಾರದ ವಿಷಯ. ಒಂದೇ ದಾರಕ್ಕೆ ಕಟ್ಟಿದ ವಿಮಾನ ತೂಗಾಡುತ್ತದೆ, ಪಕ್ಕಕ್ಕೆ ಹೊರಳುತ್ತದೆ. ಲೈಡೆಕರ್ ಸಹೋದರರು ಎರಡು ತಂತಿಗಳನ್ನು ಸಮಾನಾಂತರವಾಗಿ ಬಿಗಿದು, ಮಾದರಿಯೊಳಗೆ ಕೂರಿಸಿದ ಕೊಳವೆಗಳ ಮೂಲಕ ಹಾಯಿಸುತ್ತಿದ್ದರು. ಎಳೆಯಲು ಬೇರೆಯೇ ತಂತಿ. ನೀವು ಎಡ ರೆಕ್ಕೆಗೊಂದು, ಬಲ ರೆಕ್ಕೆಗೊಂದು ಖಾಲಿ ಬಾಲ್‌ಪೆನ್ ರೀಫಿಲ್ಲಿನ ತುಂಡು ಅಂಟಿಸಬಹುದು. 15 ಮೀಟರ್ ದೂರದ ಎರಡು ಗಟ್ಟಿ ಕಂಬಗಳ ನಡುವೆ ತೆಳು ಸ್ಟೀಲ್ ತಂತಿ ಬಿಗಿಯಿರಿ. ಗಾಳದ ನೈಲಾನ್ ದಾರ ಜಗ್ಗುತ್ತದೆ, ವಿಮಾನ ನಡುವೆ ಕುಸಿದು ಮತ್ತೆ ಮೇಲೇರಿದಂತೆ ಕಾಣುತ್ತದೆ. ಬಿಗಿದ ಸ್ಟೀಲ್ ತಂತಿ ತುಂಡಾದರೆ ಚಾಟಿ ಬೀಸಿದ ಹಾಗೆ ಬಡಿಯುತ್ತದೆ; ಕೈಗವಸು, ಕನ್ನಡಕ ಹಾಕದೆ ಹತ್ತಿರ ಹೋಗಬಾರದು. ವಿದ್ಯುತ್ ತಂತಿ ಹಾದುಹೋಗುವ ಕಡೆ ಈ ಕೆಲಸವೇ ಬೇಡ. ತಂತಿಗೆ ಹೊಳಪಿಲ್ಲದ ಬೂದು ಬಣ್ಣ ಬಳಿದರೆ ಬಿಸಿಲಿಗೆ ಮಿಂಚುವುದಿಲ್ಲ. ವಿಮಾನ ವಾಲಿದಂತೆ ಕಾಣಬೇಕಿದ್ದರೆ ಅದು ಹೋಗಿ ಸೇರುವ ತುದಿಯಲ್ಲಿ ಒಂದು ತಂತಿಯನ್ನು ಐದಾರು ಸೆಂಟಿಮೀಟರ್ ಇಳಿಸಿ ಕಟ್ಟಿ. ಮುಂದೆ ಸಾಗುತ್ತ ತಾನಾಗಿ ವಾಲುತ್ತದೆ.

'ಅಡ್ವೆಂಚರ್ಸ್ ಆಫ್ ಕ್ಯಾಪ್ಟನ್ ಮಾರ್ವೆಲ್' (1941) ಚಿತ್ರದಲ್ಲಿ ಮನುಷ್ಯ ಹಾರುವುದೂ ತಂತಿಯ ಮೇಲೆಯೇ. ಆಳೆತ್ತರಕ್ಕಿಂತ ದೊಡ್ಡದಾದ ಕಾಗದದ ತಿರುಳಿನ ಬೊಂಬೆ ಇಳಿಜಾರಿನ ತಂತಿಯಲ್ಲಿ ಜಾರಿ ಬರುತ್ತಿತ್ತು. ಅದು ಮೇಲೇರುವ ದೃಶ್ಯಕ್ಕೆ ಹಿಮ್ಮುಖವಾಗಿ ಜಾರಿಸಿ, ಫಿಲ್ಮನ್ನು ತಿರುವುಮುರುವಾಗಿ ಜೋಡಿಸುತ್ತಿದ್ದರು. ಜಿಗಿಯುವ, ಇಳಿಯುವ ಕ್ಷಣಗಳಲ್ಲಿ ಬೊಂಬೆಯ ಜಾಗಕ್ಕೆ ಬರುತ್ತಿದ್ದವರು ಸಾಹಸ ಕಲಾವಿದ ಡೇವಿಡ್ ಶಾರ್ಪ್. ಈ ಬದಲಾವಣೆಯ ಜೋಡಣೆ ಇಂದಿಗೂ ನನಗೆ ಬೆರಗು.

ಮುಖವಾಡದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸ್ಪೈ ಸ್ಮ್ಯಾಶರನ ಪೈಲಟ್ ಟೋಪಿ, ಗಾಗಲ್ಸ್ ಕತೆಗೆ ಗುಟ್ಟು ಕೊಡುತ್ತವೆ, ನಟನ ಬದಲು ಸಾಹಸ ಕಲಾವಿದನನ್ನು ನಿಲ್ಲಿಸುವ ಅನುಕೂಲವನ್ನೂ ಮಾಡಿಕೊಡುತ್ತವೆ. ನಮ್ಮ ಬೊಂಬಾಯಿಯ 'ಹಂಟರ್‌ವಾಲಿ' (1935) ಚಿತ್ರದ ನಾಯಕಿ ನಾಡಿಯಾ ಇದಕ್ಕೆ ಹೊರತು. ಮುಖವಾಡ ಹಾಕಿಯೂ ಸಾಹಸಗಳನ್ನು ತಾವೇ ಮಾಡಿದವರು.

ಮಗಳು ವಿಮಾನವನ್ನು ಕೆಡವುವ ದೃಶ್ಯವನ್ನೂ ತೆಗೆಯುವುದಾದರೆ ಬೆಂಕಿ ಹಚ್ಚಲು ಬಿಡಬೇಡಿ. ಥರ್ಮೋಕೋಲಿನ ಹೊಗೆ ಕೆಟ್ಟದ್ದು. ಅದೂ ಅಲ್ಲದೆ ಬೆಂಕಿಯ ನಾಲಗೆ, ನೀರಿನ ಹನಿ ಅಳತೆಗೆ ತಕ್ಕಂತೆ ಚಿಕ್ಕದಾಗುವುದಿಲ್ಲವಾದ್ದರಿಂದ ಮಾದರಿಯ ಗುಟ್ಟನ್ನು ಅವೇ ಬಿಟ್ಟುಕೊಡುತ್ತವೆ. ನೆಲದ ಮೇಲೆ ನುಣ್ಣಗೆ ಜರಡಿ ಹಿಡಿದ ಮಣ್ಣು ಹರಡಿ, ಕ್ಯಾಮೆರಾವನ್ನು ನೆಲಮಟ್ಟದಲ್ಲಿಟ್ಟರೆ ಏಳುವ ಧೂಳೇ ಸಾಕು. ಮಾದರಿ ಒಂದೇ ಇದ್ದರೆ ಹಾರುವ ದೃಶ್ಯಗಳನ್ನೆಲ್ಲ ಮೊದಲು ಮುಗಿಸಿ, ಒಂದೊಂದನ್ನೂ ಮೊಬೈಲಿನಲ್ಲಿ ಓಡಿಸಿ ನೋಡಿಕೊಂಡು, ಆಮೇಲೆ ಕೆಡವಲಿ.

— ಸಂ.