ಎಲ್ಲರ ಸಂಸ್ಕೃತಿ ಕಲಿಯಬೇಕಿಲ್ಲ, ಕೇಳುವುದನ್ನು ಕಲಿಯಿರಿ

ಅಮೆರಿಕಕ್ಕೆ ಬಂದು ಒಂದೇ ವರ್ಷ, ಆಗಲೇ ನನ್ನನ್ನು ನೈಟ್ ಶಿಫ್ಟಿಗೆ ಚಾರ್ಜ್ ನರ್ಸ್ (ಆ ಶಿಫ್ಟಿನಲ್ಲಿ ವಾರ್ಡಿನ ಹೊಣೆ ಹೊತ್ತ ನರ್ಸ್) ಮಾಡ್ತಿದ್ದಾರೆ, ಇಷ್ಟೊಂದು ದೇಶಗಳ ರೋಗಿಗಳ ಸಂಸ್ಕೃತಿಯನ್ನೆಲ್ಲ ಹೇಗೆ ಕಲಿಯಲಿ ಅಂತ ಕೇಳಿದ್ದೀರಿ. ನಾನು ಇಲ್ಲಿ ಕೆಲಸಕ್ಕೆ ಸೇರಿ 17 ವರ್ಷ ಆಯ್ತು. ಎಲ್ಲವನ್ನೂ ಕಲಿಯಲು ಹೋಗಬೇಡಿ. ಯಾವ ದೇಶದವರು ಹೇಗೆ ಅಂತ ಬಾಯಿಪಾಠ ಮಾಡಿಕೊಂಡರೆ ಎದುರಿಗೆ ಮಲಗಿರುವ ಮನುಷ್ಯರೇ ಕಾಣುವುದಿಲ್ಲ. ಅವರನ್ನೇ ಕೇಳಿ.

ನಾನು ಹೊಸದಾಗಿ ಚಾರ್ಜ್ ಆಗಿದ್ದಾಗ ಇಂಗ್ಲಿಷ್ ಬಾರದ ಒಬ್ಬ ತಾಯಿ ಬಂದಿದ್ದರು. ಹತ್ತು ವರ್ಷದ ಮಗಳೇ ಎಲ್ಲ ಹೇಳುತ್ತಿದ್ದಳು. ವಾರ್ಡ್ ತುಂಬಿತ್ತು, ಮಾತನ್ನು ಅನುವಾದ ಮಾಡುವ ಇಂಟರ್‌ಪ್ರಿಟರ್‌ಗೆ ಫೋನ್ ಮಾಡಿ ಕಾಯುವಷ್ಟು ಪುರುಸೊತ್ತಿಲ್ಲ ಅಂತ ನಾನೂ ಸುಮ್ಮನಿದ್ದೆ. ಅಮ್ಮನಿಗೆ ಎಲ್ಲಿಂದ ರಕ್ತ ಹೋಗುತ್ತಿದೆ ಅಂತ ಹೇಳಲು ಆ ಮಗುವಿಗೆ ನಾಚಿಕೆ, ಹೊಟ್ಟೆನೋವು ಅಂದಳು ಅಷ್ಟೆ. ಬೆಳಗಿನ ಜಾವ ಇಂಟರ್‌ಪ್ರಿಟರ್ ಬಂದ ಮೇಲೆ ನಿಜ ಗೊತ್ತಾಯ್ತು. ತಾಯಿ ಉಳಿದರು. ಆದರೆ ಆ ಆರು ಗಂಟೆ ನನ್ನ ತಪ್ಪು. ತೀರಾ ತುರ್ತು ಬಿಟ್ಟರೆ ಮಕ್ಕಳ ಕೈಲಿ ಹೀಗೆ ಮಾತಾಡಿಸುವಂತಿಲ್ಲ ಅಂತ ಇಲ್ಲಿ ಅಫರ್ಡಬಲ್ ಕೇರ್ ಆಕ್ಟ್ ಎಂಬ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ನಿನ ನಿಯಮವೇ ಇದೆ. ಇಂಟರ್‌ಪ್ರಿಟರ್‌ಗೆ ರೋಗಿ ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಮಾತು. ನಾವೂ ವಲಸೆ ಬಂದವರು, ನಮ್ಮಲ್ಲಿ ಭೇದಭಾವ ಇಲ್ಲ ಅಂದುಕೊಳ್ಳಬೇಡಿ. "ಆ ಬೆಡ್ಡಿನವರು ಸ್ವಲ್ಪ ಜಾಸ್ತಿನೇ ನರಳ್ತಾರೆ" ಅಂತ ಶಿಫ್ಟ್ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ನಮ್ಮವರೇ ಹೇಳಿದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಆ ಒಂದು ಮಾತು ಶಿಫ್ಟಿನಿಂದ ಶಿಫ್ಟಿಗೆ ಹೋಗುತ್ತದೆ, ನೋವಿನ ಔಷಧಿ ತಡವಾಗುತ್ತದೆ, ಮೂರನೇ ದಿನ ಅವರು ಬೆಲ್ ಒತ್ತಿದರೂ ಯಾರೂ ಬೇಗ ಏಳುವುದಿಲ್ಲ. ಈ ದೇಶದಲ್ಲಿ ಬಸಿರು, ಬಾಣಂತನದ ತೊಂದರೆಗಳಿಂದ ಕಪ್ಪು ಹೆಂಗಸರು ಸಾಯುವ ಪ್ರಮಾಣ ಬಿಳಿಯರದ್ದಕ್ಕಿಂತ ಸುಮಾರು ಮೂರು ಪಟ್ಟು. ಕಾರಣಗಳು ಹಲವು, ಆದರೆ ಹೇಳಿದ್ದನ್ನು ಯಾರೂ ನಂಬದೇ ಹೋಗುವುದೂ ಅದರಲ್ಲಿ ಒಂದು. ಹ್ಯಾಂಡೋವರ್‌ನಲ್ಲಿ ಅಂಥ ಮಾತು ಬಂದರೆ ಅಲ್ಲೇ ತಡೆಯುವುದು ಚಾರ್ಜ್ ನರ್ಸ್ ಕೆಲಸ. ಮುಜುಗರ ಆಗುತ್ತೆ, ಆದರೂ ತಡೆಯಿರಿ.

ಯಂತ್ರವನ್ನೂ ಪೂರ್ತಿ ನಂಬಬೇಡಿ. ಬಣ್ಣ ಕಪ್ಪಗಿದ್ದವರಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೆಲವು ಸಲ ಇರುವುದಕ್ಕಿಂತ ಜಾಸ್ತಿ ಆಕ್ಸಿಜನ್ ತೋರಿಸುತ್ತದೆ ಅಂತ 2020ರ ಅಧ್ಯಯನದಲ್ಲಿ ಕಂಡಿತು. ನಂಬರ್ ಚೆನ್ನಾಗಿದ್ದು ರೋಗಿ ಏದುಸಿರು ಬಿಡುತ್ತಿದ್ದರೆ ಡಾಕ್ಟರನ್ನು ಕರೆಯಿರಿ, ರಕ್ತದಲ್ಲಿನ ಆಕ್ಸಿಜನ್ ನೇರವಾಗಿ ಅಳೆಯುವ ಬ್ಲಡ್ ಗ್ಯಾಸ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ.

ಮೊದಲ ರಾತ್ರಿ ಇಂಟರ್‌ಪ್ರಿಟರ್ ಫೋನ್ ಎಲ್ಲಿದೆ ಅಂತ ನೋಡಿಕೊಳ್ಳಿ. ಆಮೇಲೆ ರೌಂಡ್ಸ್‌ಗೆ ಹೋದಾಗ ನಿಮ್ಮ ನರ್ಸ್‌ಗಳನ್ನು ಕೇಳಿ: ನೋವು ಎಷ್ಟಿದೆ ಅಂತ ಬರೆದಿದ್ದೀರಲ್ಲ, ಅದನ್ನು ಹೇಳಿದ್ದು ರೋಗಿಯಾ, ಮನೆಯವರಾ?