ಸ್ಟ್ರೋಕ್ ನಂತರದ ಖಿನ್ನತೆಗೆ ಸೂಜಿ ಚಿಕಿತ್ಸೆ
ಸ್ಟ್ರೋಕ್ ಆದ ಮೇಲೆ ಅಪ್ಪ ಮಂಕಾಗಿದ್ದಾರೆ, ಅಕ್ಯುಪಂಕ್ಚರ್ ಮಾಡಿಸಲಾ ಅಂತ ಕೇಳಿದ್ದೀರಿ. ಸ್ಟ್ರೋಕ್ ಆದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಖಿನ್ನತೆ ಬರುತ್ತದೆ. ಇದು ಸುಮ್ನೆ ಬೇಜಾರಲ್ಲ, ಕಾಯಿಲೆಯೇ.

ಸೂಜಿಯಿಂದ ಗುಣ ಕಂಡಿದೆ ಎನ್ನುವ ಅಧ್ಯಯನಗಳಿವೆ. ಆದರೆ ಜಾಸ್ತಿ ಪಾಲು ಚೀನಾದವು, ಚಿಕ್ಕವು. ಹೋಲಿಸಿ ನೋಡಲು ಕೆಲವರಿಗೆ ತೋರಿಕೆಗಷ್ಟೇ ಚುಚ್ಚಿದರೂ, ಯಾರಿಗೆ ನಿಜವಾದ ಸೂಜಿ, ಯಾರಿಗೆ ತೋರಿಕೆಯದು ಅಂತ ಚುಚ್ಚುವವರಿಗೆ ಗೊತ್ತೇ ಇರುತ್ತದೆ. ಅರ್ಧ ಗಂಟೆ ಒಬ್ಬರು ಪಕ್ಕದಲ್ಲಿ ಕೂತು, ಕೈ ಹಿಡಿದು ಮಾತಾಡಿಸಿದರೂ ಮನಸ್ಸು ಹಗುರಾಗುತ್ತದೆ ಅಲ್ವಾ? ನನಗಂತೂ ಈ ಪುರಾವೆ ಸಾಲದು.

ಖಿನ್ನತೆಯ ಮಾತ್ರೆಯೂ ಪೂರ್ತಿ ಸಲೀಸಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಫೋಕಸ್ ಅಧ್ಯಯನದಲ್ಲಿ ಸ್ಟ್ರೋಕ್ ಆದ 3,127 ಜನರಿದ್ದರು. ಫ್ಲುಯೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ತೆಗೆದುಕೊಂಡವರಲ್ಲಿ ಹೊಸದಾಗಿ ಖಿನ್ನತೆ ಬಂದದ್ದು ಕಡಿಮೆ, ಮೂಳೆ ಮುರಿತ ಜಾಸ್ತಿ.

ಮೊದಲು ನ್ಯೂರಾಲಜಿ ಡಾಕ್ಟರ ಹತ್ತಿರ ಅಪ್ಪನ ಮನಸ್ಸಿನ ವಿಷಯ ಎತ್ತಿ. ಸೂಜಿ ಹಾಕಿಸುವುದೇ ಆದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅಲ್ಲಿ ಮೊದಲೇ ಹೇಳಿಬಿಡಿ.