ಸಿಮ್ಯುಲೇಷನ್‌ನಲ್ಲಿ ಮೂರು ಗಂಟೆ, ಮನೆಯಲ್ಲಿ ಎರಡೇ ಗಂಟೆ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗಲೋ. ಮನೆಯ ಇನ್ವರ್ಟರಿನ 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಸೀಸ-ಆಸಿಡ್ ಬ್ಯಾಟರಿಯನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇನೆ; ಅದರಂತೆಯೇ ವರ್ತಿಸುವ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕು. 12 ವೋಲ್ಟ್ ಸೋರ್ಸ್, ಒಂದು ರೆಸಿಸ್ಟರ್, ಒಂದು ಆರ್‌ಸಿ ಜೋಡಿ (ಪಕ್ಕಪಕ್ಕ ಸೇರಿಸಿದ ರೆಸಿಸ್ಟರ್, ಕೆಪಾಸಿಟರ್) ಇಟ್ಟು 50 ಆಂಪಿಯರ್ ಎಳೆದರೆ ಸಿಮ್ಯುಲೇಷನ್ ಮೂರು ಗಂಟೆ ತೋರಿಸುತ್ತದೆ. ಮನೆಯಲ್ಲಿ ಎರಡು ಗಂಟೆಗೇ ಇನ್ವರ್ಟರ್ ಕೂಗುತ್ತದೆ. ಇನ್ನೊಂದು ಆರ್‌ಸಿ ಜೋಡಿ ಸೇರಿಸಲೇ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಉಡುಪಿ

ಉತ್ತರ: ಬೇಡ. ಆರ್‌ಸಿ ಜೋಡಿಯದ್ದು ಸೆಕೆಂಡು, ನಿಮಿಷಗಳ ಲೆಕ್ಕ. ನಿಮಗೆ ತಪ್ಪಿರುವುದು ಇಡೀ ಒಂದು ಗಂಟೆ. ಬ್ಯಾಟರಿಯ ಲೇಬಲ್ ನೋಡಿ, 150ರ ಪಕ್ಕ ಸಿ20 ಎಂದಿರುತ್ತದೆ. 7.5 ಆಂಪಿಯರ್‌ನಂತೆ 20 ಗಂಟೆ ಎಳೆದರೆ ಮಾತ್ರ ಆ 150 ಸಿಗುತ್ತದೆ. 50 ಎಳೆದರೆ ಪ್ಲೇಟಿನ ಒಳರಂಧ್ರಗಳಿಗೆ ಆಸಿಡ್ ಅಷ್ಟು ಬೇಗ ತಲುಪುವುದಿಲ್ಲ. ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. 7.5ನ್ನು 50ರಿಂದ ಭಾಗಿಸಿ, 1.2ರ ಘಾತಕ್ಕೇರಿಸಿ, 20ರಿಂದ ಗುಣಿಸಿ: ಎರಡು ಗಂಟೆ ಚಿಲ್ಲರೆ! ಘಾತ ಬ್ಯಾಟರಿಯಿಂದ ಬ್ಯಾಟರಿಗೆ ಬೇರೆ, ನಿಮ್ಮದನ್ನು ಅಳೆದೇ ಹಾಕಿ.

ಸೋರ್ಸನ್ನು 12 ವೋಲ್ಟಿಗೆ ಕಟ್ಟಿಹಾಕಿದ್ದೂ ಸರಿಯಲ್ಲ. ಲೋಡಿಲ್ಲದೆ ವಿಶ್ರಾಂತಿಯಲ್ಲಿದ್ದಾಗ ತುಂಬಿದ ಬ್ಯಾಟರಿ ಸುಮಾರು 12.7, ಖಾಲಿಯಾದದ್ದು 11.8 ವೋಲ್ಟಿನ ಆಸುಪಾಸು ತೋರಿಸುತ್ತದೆ. ಚಾರ್ಜ್ ಇಳಿದಂತೆ ಸೋರ್ಸ್ ಇಳಿಯುವ ಟೇಬಲ್ ಕೊಡಿ. ಇನ್ವರ್ಟರ್ ಕೇಳುವುದು ವ್ಯಾಟು. ವೋಲ್ಟೇಜ್ ಇಳಿದರೆ ಕರೆಂಟನ್ನು ಅದೇ ಏರಿಸಿಕೊಳ್ಳುತ್ತದೆ. ಹಾಗಾಗಿ ಲೋಡನ್ನೂ ಸ್ಥಿರ ಪವರ್ ಎಂದೇ ಬರೆಯಿರಿ.

ಇನ್ನು ಆ ರೆಸಿಸ್ಟರ್ ಮತ್ತು ಆರ್‌ಸಿ. ಊಹಿಸಬೇಡಿ, ಅಳೆಯಿರಿ. ಹತ್ತು ನಿಮಿಷ 50 ಆಂಪಿಯರ್ ಎಳೆದು ಲೋಡನ್ನು ಥಟ್ಟನೆ ತೆಗೆಯಿರಿ. ವೋಲ್ಟೇಜ್ ತಕ್ಷಣ 0.4 ಜಿಗಿದರೆ ಅದನ್ನು 50ರಿಂದ ಭಾಗಿಸಿ: 8 ಮಿಲಿಓಮ್, ಇದು ಸರಣಿ ರೆಸಿಸ್ಟರ್. ಆಮೇಲೆ ನಿಧಾನಕ್ಕೆ ಇನ್ನೂ 0.2 ಏರಿದರೆ 4 ಮಿಲಿಓಮ್, ಅದು ಆರ್‌ಸಿಯ ರೆಸಿಸ್ಟರ್. ಆ ನಿಧಾನ ಏರಿಕೆಯ ಶೇ 63 ಮುಗಿಯಲು 100 ಸೆಕೆಂಡ್ ಹಿಡಿದರೆ ಅದನ್ನು ಆ 4 ಮಿಲಿಓಮ್‌ನಿಂದ ಭಾಗಿಸಿ: ಕೆಪಾಸಿಟರ್ 25,000 ಫ್ಯಾರಡ್! ಗಾಬರಿಯಾಗಬೇಡಿ, ಅಂಥ ಕೆಪಾಸಿಟರ್ ಒಳಗೆಲ್ಲೂ ಇಲ್ಲ. ರಾಸಾಯನಿಕ ಕ್ರಿಯೆಯ ನಿಧಾನಗತಿಗೆ ನಾವು ಕೊಟ್ಟ ರೂಪ ಅದು.

ಮೀಟರಿನ ಮೊನೆಯನ್ನು ಕ್ಲಾಂಪಿನ ಮೇಲಲ್ಲ, ಸೀಸದ ಟರ್ಮಿನಲ್ ಮೇಲೆಯೇ ಇಡಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಕ್ಲಾಂಪ್ ಹಸಿರುಗಟ್ಟಿದ್ದರೆ ಆ ಕೊಳೆಯ ರೆಸಿಸ್ಟೆನ್ಸೂ ನಿಮ್ಮ ಲೆಕ್ಕಕ್ಕೆ ಸೇರಿಬಿಡುತ್ತದೆ. ಕೋಣೆಯ ಕಿಟಕಿ ತೆರೆದಿರಲಿ.

ಮುಂದೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಹೋದರೆ ಈ ಟೇಬಲನ್ನು ಅಲ್ಲಿಗೆ ಎತ್ತಿಕೊಂಡು ಹೋಗಬೇಡಿ. ಅದರ ವೋಲ್ಟೇಜ್ ನಡುವಿನ ಬಹುಭಾಗ ಹೆಚ್ಚುಕಡಿಮೆ ಚಪ್ಪಟೆ. ಎಷ್ಟು ಚಾರ್ಜ್ ಉಳಿದಿದೆ ಎಂಬುದನ್ನು ಹರಿದ ಕರೆಂಟನ್ನು ಕೂಡುತ್ತಾ ಲೆಕ್ಕ ಹಾಕಬೇಕಾಗುತ್ತದೆ.